ಪ್ಲಸ್ ಟ್ರ್ಯಾಕ್

ಗುದೈಬಿಯಾದ ಔಷಧಿ ಅಂಗಡಿಯಲ್ಲಿ ರಾತ್ರಿ ಪಾಳಿ ನನ್ನದು.
ಎದೆಯ ಬಿಲ್ಲೆಯಲ್ಲಿ ಹೆಸರು ಪೂರ್ತಿ ಇದೆ: ಜಲಜಾಕ್ಷಿ.
ಕ್ಯಾಸೆಟ್ ಕಂಪನಿಯವರು ಕತ್ತರಿಸಿ ‘ಜಲ್’ ಮಾಡಿದ್ದರು.
ಇಷ್ಟುದ್ದ ಹೆಸರು ಕವರಿನಲ್ಲಿ ಕೂರುವುದಿಲ್ಲವಂತೆ.
ಉಳಿದ ಅಕ್ಷರ ಎಲ್ಲಿಗೆ ಹೋದವೆಂದು ಆಗ ಕೇಳಲಿಲ್ಲ.
ಹೋದದ್ದು ಕಣ್ಣೇ, ನೋಡಿ.

ಮೂರು ವರ್ಷ
ಆಟೋಗಳ ಬೆನ್ನಿಗೆ ನನ್ನ ಮುಖ,
ಕಾಲೇಜು ಹುಡುಗಿಯರ ಹಣೆಗೆ ನನ್ನ ಕತ್ತರಿಗೂದಲು.
ದಾವಣಗೆರೆಯಲ್ಲಿ ಯಾರೋ ಎಮ್ಮೆಗೆ ನನ್ನ ಹೆಸರಿಟ್ಟನಂತೆ.
ನಕ್ಕೆ. ಆ ನಗುವೂ ಹೇಳಿಕೊಟ್ಟದ್ದು:
ಎಡಗೆನ್ನೆ ಕ್ಯಾಮೆರಾಕ್ಕೆ, ಹಲ್ಲು ಎಂಟೇ ಕಾಣಬೇಕು.
ರಾತ್ರಿ ಹೋಟೆಲಿನ ಬಚ್ಚಲಲ್ಲಿ ಬಿಸಿನೀರಿನ ನಲ್ಲಿ ಬಿಟ್ಟು
ಅದರ ಸದ್ದಿನೊಳಗೆ ಕೂತಿರುತ್ತಿದ್ದೆ, ಬೆಳಗಿನವರೆಗೆ.
ಗಂಟಲಿಗೆ ಆವಿ ತಗೋತಾಳೆ ಎಂದ ಮ್ಯಾನೇಜರ್, ಕೇಳಿದವರಿಗೆ.
ಕೇಳಿದವರೇ ಕಡಿಮೆ.

ಆಮೇಲೆ ಮನಾಮಾ. ಗುರುವಾರ ರಾತ್ರಿ, ಕ್ಲಬ್ಬಿನ ಬಯಲು,
ಲೇಬರ್ ಕ್ಯಾಂಪುಗಳಿಂದ ಬಸ್ಸು ತುಂಬಿ ಬಂದವರು,
ಇಸ್ತ್ರಿಯ ಗೆರೆ ಮುರಿಯದ ಅಂಗಿಗಳು.
ಎರಡನೆಯ ಚರಣಕ್ಕೆ ಮುಂಚೆ ಎದೆ ಕಟ್ಟಿತು.
ಬೆರಳು ನನ್ನದಲ್ಲ. ನಾಲಿಗೆ ಒಣ ತೊಗಟೆ.
ಬಾಯಿ ಮುಚ್ಚಿದೆ.

ನನ್ನ ದನಿ ಹಾಡುತ್ತಲೇ ಇತ್ತು.

ಸಿ.ಡಿ.ಯೊಳಗಿಂದ, ಶ್ರುತಿ ತಪ್ಪದೆ, ಉಸಿರು ತಪ್ಪದೆ,
ನಾನಿಲ್ಲದೆ ನನಗಿಂತ ಚೆನ್ನಾಗಿ.
ಮೈಕು ಇಳಿಬಿಟ್ಟು ನಿಂತೆ. ಚಪ್ಪಾಳೆ.
ತಿಳಿಯಲಿಲ್ಲವೋ, ತಿಳಿದೂ
ತಿಂಗಳಿಗೊಂದು ಸಂಜೆಯನ್ನು ಕೆಡಿಸಿಕೊಳ್ಳಲು ಮನಸ್ಸಾಗಲಿಲ್ಲವೋ.
ಅವರನ್ನು ದೂರಲಾರೆ.

ಸಲ್ಮಾನಿಯಾ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದು ಒಂದೇ:
ನಿದ್ದೆ ಬರುತ್ತಾ?
ಮುಂದಿನ ಆಲ್ಬಂ ಯಾವಾಗ ಎಂದಲ್ಲ. ಅದಕ್ಕೇ ಅತ್ತೆ.
ವಾರ್ಡು ಒರೆಸುವ ಮುಹರ್ರಕ್‌ನ ಮುದುಕಿ, ಉಮ್ಮ್ ಮರ್ಜೂಕ್,
ಹರಕು ಹಿಂದಿಯಲ್ಲಿ ತನ್ನಪ್ಪನ ಕಥೆ ಹೇಳಿದಳು.
ಮುತ್ತಿಗೆ ಮುಳುಗುವವನ ಹಗ್ಗ
ದೋಣಿಯಲ್ಲೊಬ್ಬನ ಕೈಯಲ್ಲಿರುತ್ತಿತ್ತಂತೆ;
ಒಂದು ಜಗ್ಗು ಬಂದರೆ ಸಾಕು, ಎತ್ತಬೇಕು.
ಹಾಡುವುದಕ್ಕೂ ಒಬ್ಬನಿದ್ದ, ಅವನದು ಹಾಡುವುದಷ್ಟೇ.
“ಹಾಡುವವನನ್ನು ಯಾರಾದರೂ ನೀರಿಗೆ ಇಳಿಸುತ್ತಾರಾ, ಹುಚ್ಚಿ?
ಅದೂ ಹಗ್ಗ ಕಟ್ಟದೆ?”
ಎಂದು ನನ್ನ ಮಂಚದ ಕೆಳಗೆ ಇನ್ನೊಮ್ಮೆ ಒರೆಸಿದಳು.

ಊರಿಗೆ ಮರಳಲಿಲ್ಲ. ಇಪ್ಪತ್ತೆರಡು ಬೇಸಿಗೆ.
ಕೆಮ್ಮಿನ ಔಷಧಿ, ಡಯಾಪರ್, ಸಕ್ಕರೆ ಅಳೆಯುವ ಪಟ್ಟಿ;
ಕನ್ನಡದ ಗಿರಾಕಿ ಬಂದರೆ ಮಾತು ಇಂಗ್ಲಿಷಿಗೆ ಹೊರಳುತ್ತದೆ,
ದನಿಯ ಗುರುತು ಹಿಡಿದಾರೆಂಬ ಹೆದರಿಕೆ. ಯಾರೂ ಹಿಡಿದಿಲ್ಲ.
ಅದು ಕೂಡ, ನಿಜ ಹೇಳಲೇ, ಕೆಲವು ರಾತ್ರಿ ಚುಚ್ಚುತ್ತದೆ.

ನಿನ್ನೆ ಎರಡೂವರೆಗೆ ಒಬ್ಬಳು ಬಂದಳು.
ಕಣ್ಣಿನ ಸುತ್ತ ಒರೆಸಿಯೂ ಹೋಗದ ಮಿಂಚು,
ತಾಳೆಯಾಗದ ಚಪ್ಪಲಿ, ಪೋಸ್ಟರಿನಲ್ಲಿ ಕಂಡ ಮುಖ.
ಚೀಟಿಯಿಲ್ಲದೆ ನಿದ್ದೆ ಮಾತ್ರೆ ಬೇಕಂತೆ. ಕೊಡುವಂತಿಲ್ಲ ಎಂದೆ.
ಸ್ಟೂಲು ಎಳೆದೆ, ಕೂರಲಿಲ್ಲ.
ಹೆಸರು? ‘ಮ್ಯಾಂಡಿ.’
ಪೂರ್ತಿ? ಎಂದೆ, ಕನ್ನಡದಲ್ಲೇ.
ಉತ್ತರವಿಲ್ಲ. ಗಂಟಲ ಗುಳಿಗೆ ಒಂದು ಪಟ್ಟಿ ಕೊಂಡಳು.
ಬಿಲ್ಲಿನ ಹಿಂದೆ ಆಸ್ಪತ್ರೆಯ ನಂಬರು ಬರೆದೆ, ಕೆಳಗೆ ನನ್ನದು;
ಓದದೆ ಮಡಚಿದಳು.

ಬಾಗಿಲು ತಳ್ಳಿದಾಗ ಹೊರಗಿನ ಬಿಸಿ ಒಳಗೆ ಬಂತು.
ಅದರ ಜೊತೆಗೆ, ಬೆನ್ನು ತಿರುಗಿಸಿಯೇ ಹೇಳಿದ ಒಂದು ಮಾತು:
ಮಂದಾರವಲ್ಲಿ.

ಇನ್ಸುಲಿನ್ ಇಡುವ ಫ್ರಿಜ್ಜು ಒಂದೇ ಶ್ರುತಿ ಹಿಡಿದಿತ್ತು.
ನಾನು ಹಾಡಲಿಲ್ಲ.
ಬಾಯಿ ತೆರೆದಿತ್ತು, ಅಷ್ಟೆ.