ಮಂಗಲಪೇಟೆಯ ಬರಣಿ

ಬಳ್ಳಿಗೆ ವಯಸ್ಸೆಷ್ಟು ಅಂದರೆ
ರಾಹೇಲಮ್ಮ ತನ್ನ ಮೊಣಕಾಲು ತೋರಿಸುತ್ತಾಳೆ.
ಬಾವಿಕಟ್ಟೆಯ ಜಂಬಿಟ್ಟಿಗೆ ಕಲ್ಲನ್ನೇ ಸೀಳಿಕೊಂಡು
ತೊಡೆಗಾತ್ರ ತಿರುಚಿದ ಬುಡ;
ಮೇಲೆ ತಂತಿಗೆ ಜೋತುಬಿದ್ದದ್ದು ಈ ಸಲ
ಬರೀ ಹದಿನೇಳು ಗೊಂಚಲು.

ಅಕ್ಟೋಬರಿನ ಚಾಟ್ನಿ ಅವಳೇ ಮಾಡಬೇಕು,
ಅತ್ತೆಯ ಕತ್ತರಿಯಿಂದ.
"ಮೂರು ಕಣ್ಣು ಬಿಡು ಸಾಕು, ಆಸೆ ಮಾಡಬ್ಯಾಡ."
ಮಾತು ನನಗಲ್ಲ, ಕತ್ತರಿಗೆ.
ನಾನು ಏಣಿ ಹಿಡಿದವನು ಅಷ್ಟೇ.

ಫೆಬ್ರವರಿಯಲ್ಲಿ
ಕೈಯಲ್ಲೇ ಕಿವುಚಿ, ಗಂಡನ ಹಳೆ ಧೋತರದಲ್ಲಿ ಸೋಸಿ
ಬರಣಿಯ ಬಾಯಿಗೆ ಬಟ್ಟೆ ಕಟ್ಟಿದಳು.
ಪ್ರಭುಭೋಜನಕ್ಕೆ ಪಾಸ್ಟರು ಕೇಳಿದ್ದು ಹುಳಿಯದ ರಸ.
ಅದನ್ನು ಅಂದೇ ಕುದಿಸಿ ಕಳಿಸಿದ್ದಾಯ್ತು.
ಉಳಿದದ್ದು ಅಟ್ಟದ ಕತ್ತಲಲ್ಲಿ
ಇಡೀ ರಾತ್ರಿ ಒಬ್ಬರೇ ಕೂತು ಮಾತಾಡುವ ಹಾಗೆ
ಗುಳುಗುಳು ಅನ್ನುತ್ತದೆ.

ಕೆಮ್ಮು ಬಂದಾಗ ಪಾಸ್ಟರೂ ಹುಡುಗನನ್ನು ಅಟ್ಟುತ್ತಾರೆ;
ಶೀಶೆಗೆ ಚೀಟಿ: ಔಷಧಿ.

ಇವತ್ತು ಬಟ್ಟೆ ಬಿಚ್ಚಿದಳು.
ಸ್ಟೀಲು ಲೋಟದಲ್ಲಿ ಎರಡು ಬೆರಳು, ಮೂಗಿನ ರಕ್ತದ ಬಣ್ಣ.
ಮೊದಲು ನಾಲಿಗೆಗೆ ಕೆಮ್ಮಣ್ಣು,
ಆಮೇಲೆ ಬಾವಿಯ ಹಗ್ಗ, ಒಗರು,
ತೀರ ತಡವಾಗಿ, ನುಂಗಿ ಲೋಟ ಕೆಳಗಿಟ್ಟ ಮೇಲೆ,
ದ್ರಾಕ್ಷಿ.

ಅವಳು ಬೆರಳದ್ದಿ ಚೀಪಿದಳು.
"ಹೋದ ವರ್ಷದ್ದಕ್ಕ ಭಾಳ ಸಿಟ್ಟಿತ್ತು," ಅಂದಳು.
"ಇದು ಸುಮ್ಮನಾಗ್ಯದ."