ಚಲನದೋಷ

ಗ್ರಾಸ್ಲಿಟ್ಸ್, ಸಾವಿರದ ಎಂಟುನೂರ ತೊಂಬತ್ತೊಂದು.
ಹಿಂಬದಿಯಲ್ಲಿ ಪೆನ್ಸಿಲಿನ ಅಕ್ಷರ, ಅರ್ಧ ಸವೆದದ್ದು.

ಮೊದಲ ಚಿತ್ರದಲ್ಲಿ ಸೀಸ ಕಾಯಿಸುತ್ತಿದ್ದಾರೆ.
ಹಿತ್ತಾಳೆ ಕೊಳವೆಯ ತುಂಬ ಕಾದ ಸೀಸ ಹೊಯ್ದರೆ
ಬಗ್ಗಿಸುವಾಗ ಸುಕ್ಕುಗಟ್ಟುವುದಿಲ್ಲ.
ಬಾಗಿದ ಮೇಲೆ ಮತ್ತೆ ಕರಗಿಸಿ ಹೊರಗೆ ಸುರಿಯಬೇಕು,
ಉಸಿರಿಗೆ ಜಾಗ ಬೇಕಲ್ಲ.

ಎರಡನೆಯದರಲ್ಲಿ ಹೆಂಗಸರು, ಉದ್ದ ಬೆಂಚು.
ಎಡಗಡೆಯವಳು ಒಟೀಲಿಯೆ, ಮೆರುಗು ಹಾಕುವವಳು.
ಬೆರಳಿನ ಹಸಿರು ಇಲ್ಲಿ ಬರಿ ಕಪ್ಪು.
ಅವಳು ತೊಡೆಯ ಮೇಲಿಟ್ಟುಕೊಂಡ ಟ್ಯೂಬಾದ ಬಾಯೊಳಗೆ
ಇಡೀ ಕಾರ್ಖಾನೆ ತಲೆಕೆಳಗು:
ಕಿಟಕಿ, ಬೆಲ್ಟು, ಮುಕ್ಕಾಲಿಯ ಹಿಂದೆ
ಕರಿಬಟ್ಟೆಯೊಳಗೆ ತಲೆ ತೂರಿಸಿದ ಒಬ್ಬ.
ಅವನ ಹೆಸರು ಯಾರೂ ಬರೆದಿಲ್ಲ.

ಮೂರನೆಯದು ಅಂಗಳದ ಗುಂಪು.
ಅರವತ್ತೆರಡು ಮೀಸೆ ಎಣಿಸಿದೆ
(ಕೆಲಸ ಕಡಿಮೆ ಇದ್ದ ದಿನ).
ಎಲ್ಲರ ಕೈಯಲ್ಲೂ ತಾವು ಮಾಡಿದ್ದು, ತಮ್ಮದಲ್ಲದ್ದು.
‘ಉಸಿರು ಹಿಡೀರಿ’ ಎಂದಿರಬೇಕು ಮೇಸ್ತ್ರಿ.
ಹಿಡಿದರು.
ನೂರು ಚಿಲ್ಲರೆ ವರ್ಷದಿಂದ ಹಿಡಿದೇ ಇದ್ದಾರೆ.

ಕೊನೆಯ ಸಾಲಿನ ತುದಿಗೆ ಒಬ್ಬ ಹುಡುಗ,
ತುಟಿಗೆ ಕಾರ್ನೆಟ್ ತಾಗಿಸಿಕೊಂಡಿರುವವನು.
ಮುಖವಿಲ್ಲ. ಕುಲುಮೆ ಹೊಗೆಯಂಥ ಒಂದು ಮಸುಕು.
ಪಟ್ಟಿಯಲ್ಲಿ ನನಗಿಂತ ಹಿಂದಿನವರು ಬರೆದದ್ದು:
ಕೆಟ್ಟ ಪ್ರತಿ. ಚಲನದೋಷ.

ಊದಿಬಿಟ್ಟಿದ್ದಾನೆ, ಅಷ್ಟೇ.
ಮೇಸ್ತ್ರಿ ಆಮೇಲೆ ಬೈದಿರಬಹುದು,
ಅರ್ಧ ದಿನದ ಕೂಲಿ ಹಿಡಿದಿರಬಹುದು.
ಆ ಮಸುಕಿನ ಹತ್ತಿರ ಕಿವಿ ತಂದೆ,
ಬಾಗಿಲು ಹಾಕಿದೆಯೇ ಎಂದು ನೋಡಿಕೊಂಡು.

ಪೆನ್ಸಿಲು ತೆಗೆದು ದೋಷವನ್ನಷ್ಟೇ ಹೊಡೆದೆ.
ಚಲನ ಇರಲಿ.