ಕಾಫಿ ಗೋದಾಮಿನಲ್ಲಿ ಸಿನೆಮಾ

ಮಾಜಿ ಸೈನಿಕರ ಸಂಘದವರು ಕೇಳಿದ್ದು
ಗೆಲ್ಲುವ ಸಿನೆಮಾ.
ಮೈಸೂರು ಬಸ್ಸಿನ ಟಾಪಿನ ಮೇಲೆ ಬಂದ ಡಬ್ಬಿಯಲ್ಲಿದ್ದದ್ದು
ಯಾವುದೋ ದೇಶದ ಕಪ್ಪು ಬಿಳುಪು ಕೆಸರು.
ವಾಪಸು ಕಳಿಸಲು ಹೊತ್ತಿರಲಿಲ್ಲ. ಬೆಳಗಾದರೆ ಭರ್ತಿ,
ಹುಡುಗರಿಗೆ ಇವತ್ತೇ ತೋರಿಸಬೇಕು, ಹುರುಪು ಬರಬೇಕು.

ಅಮ್ಮತ್ತಿಯ ಗೋದಾಮು. ಎರಡು ಬೆಡ್‌ಶೀಟು ಸೇರಿಸಿ
ಹೊಲಿದ ಪರದೆ. ಹೊಲಿಗೆ ನಟ್ಟನಡುವೆ,
ಹಾಗಾಗಿ ಬಂದ ಮುಖಕ್ಕೆಲ್ಲ ಮೊದಲೇ ಒಂದು ಗಾಯ.
ಕೂರಲು ಕಾಫಿ ಮೂಟೆ.
ಮುಂದೆ ಮೆಡಲು ತೊಟ್ಟ ಹಿರಿಯರು,
ಹಿಂದೆ ಎಂಟು ಹುಡುಗರು. ಅವರಲ್ಲಿ ನನ್ನ ತಮ್ಮ ಚೀಯಣ್ಣ,
ಆಗಲೇ ಕೂದಲು ಕತ್ತರಿಸಿಕೊಂಡು
ಕಿವಿ ಮಾತ್ರ ಉಳಿಸಿಕೊಂಡವನು.

ಗೋದಾಮಿನ ಟೈಪಿಸ್ಟು ನಾನು, ಕಾನ್ವೆಂಟಿನವಳು.
ಮೈಕು ಕೊಟ್ಟು ಹೇಳಿದರು:
ಅಡಿಯಲ್ಲಿ ಬರುವ ಇಂಗ್ಲಿಷನ್ನು ನಮಗೆ ತಿಳಿಯುವ ಹಾಗೆ ಓದು.

ಓದಿದೆ.
"ಕುಯ್ಲಿಗೆ ಮೊದಲೇ ಮನೆ ಸೇರ್ತೀವಿ ಕಣ್ರೋ."
ಹಿಂದಿನವರು ಸಿಳ್ಳೆ ಹಾಕಿದರು. ಮುಂದಿನವರು ಇಲ್ಲ.
"ಸಾಹೇಬರೆ, ನೀರು ಮಂಡಿಗೆ ಬಂತು."
"ಮಂಡಿ ಇದೆಯಲ್ಲ, ನಿಲ್ಲು."
ಒಬ್ಬನಿದ್ದ, ಸೊಟ್ಟ ಹಲ್ಲಿನವನು, ಬಯೊನೆಟ್ಟಿನಲ್ಲಿ
ಪೆನ್ಸಿಲು ಚೂಪು ಮಾಡುತ್ತ ಕೂರುವವನು.
ಮನೆಗೆ ಬರೆಯಬೇಕು ಅನ್ನುವನು. ಮೊನೆ ಮುರಿಯುವುದು.
ಮತ್ತೆ ಕೆತ್ತುವನು. ಮೂರನೇ ರೀಲಿನ ಹೊತ್ತಿಗೆ
ಪೆನ್ಸಿಲು ಕಿರುಬೆರಳಿಗಿಂತ ಗಿಡ್ಡ.
ಹಾಳೆ ಇನ್ನೂ ಬಿಳಿ.

ಅವರ ಕಂದಕದ ಗೋಡೆಯೂ ಮೂಟೆಯದೇ.
ಅಲ್ಲಿ ಮರಳು ಸೋರಿದಾಗ
ಇಲ್ಲಿ ಯಾರೋ ತಾವು ಕೂತ ಮೂಟೆಯನ್ನು
ಮುಟ್ಟಿ ನೋಡಿಕೊಂಡರು.

ನಮ್ಮಲ್ಲಿ ಗಂಡು ಹುಟ್ಟಿದರೆ ತೋಕಿನ ಒಂದು ಗುಂಡು,
ಸಾವಾದರೆ ಎರಡು.
ದೂರದ ಗದ್ದೆಯಲ್ಲಿದ್ದವರೂ ಎಣಿಸಿ ತಿಳಿಯುವರು.
ಚೀಯಣ್ಣನ ಆ ಒಂದನ್ನು ನಾನು ಕೇಳಿದ್ದೇನೆ,
ಕೊಟ್ಟಿಗೆಯ ಹಿಂದೆ, ಆರು ವರ್ಷದವಳು, ಕಿವಿ ಮುಚ್ಚದೆ.
ಪರದೆಯ ಗುಂಡುಗಳನ್ನೂ ಎಣಿಸಲು ಹೋದೆ.
ಹನ್ನೊಂದಕ್ಕೆ ಲೆಕ್ಕ ತಪ್ಪಿತು.

ಆಮೇಲೆ ಸೊಟ್ಟ ಹಲ್ಲಿನವನಿಗೆ ತಗುಲಿತು.
ತುಟಿ ಆಡಿತು. ಅಡಿಯಲ್ಲಿ ಅಕ್ಷರ ಬರಲಿಲ್ಲ.
ಎಲ್ಲರೂ ನನ್ನ ಕಡೆ ತಿರುಗಿದರು.
ಮೈಕು ಗುಂಯ್‌ಗುಡುತ್ತಿತ್ತು.
ಹುರುಪು ಬರಬೇಕು ಅಂದಿದ್ದರಲ್ಲ,
"ತಾಯ್ನಾಡೇ" ಅಂದೆ.
ನಾನೇ ಕಟ್ಟಿದ್ದು.

"ಅಲ್ಲ."
ಪಳಂಗಪ್ಪಜ್ಜ ಎದ್ದು ನಿಂತಿದ್ದ.
ಬರ್ಮಾದಲ್ಲಿ ಎರಡೂ ಕಿವಿ ಬಿಟ್ಟು ಬಂದವನು,
ತುಟಿ ನೋಡಿಯೇ ಸಂತೆ ಮಾಡುವವನು.
ಪ್ರೊಜೆಕ್ಟರಿನ ಪಕ್ಕದ ಬೆಳಕಲ್ಲಿ ನನ್ನ ತುಟಿಯನ್ನೂ ನೋಡಿದ್ದ.
ಅವನ ನೆರಳು ಆ ಹುಡುಗನ ಎದೆಯ ಮೇಲೆ ಬಿದ್ದಿತ್ತು.
"ನೀರು ಕೇಳ್ತಿದ್ದಾನೆ, ಕುಂಞಿ.
ಯಾವ ಭಾಷೆಯವನಾದರೂ ಆ ತುಟಿ ಅದೇ.
ನಾನು ಕೊಡಲಿಲ್ಲ.
ನನ್ನ ಬಾಟ್ಲಿಯಲ್ಲಿ ಇತ್ತು. ಅರ್ಧ."
ಕೂತುಕೋ ಅಂದರು ಯಾರೋ, ಬೆನ್ನ ಹಿಂದಿನಿಂದ.
ಅವನಿಗೆ ಹೇಗೆ ತಿಳಿಯಬೇಕು?

ಕೊನೆಯ ರೀಲು ಹಾಕುವಷ್ಟರಲ್ಲಿ ಕರೆಂಟು ಹೋಯಿತು.
ಕಾರ್ಯದರ್ಶಿಗಳು ಟಾರ್ಚು ಹಿಡಿದುಕೊಂಡೇ
ವಂದನಾರ್ಪಣೆ ಮಾಡಿದರು.

ಬೆಳಿಗ್ಗೆ ಎಂಟೂ ಮಂದಿ ಹೋದರು. ಹೋಗದೆ?
ಎದೆ ಅಳೆದರು. ಒಂದು ಮೈಲಿ ಓಡಿಸಿದರು.
ಚೀಯಣ್ಣ ಪಾಸಾಗಿ ಬಂದು, ಅಂಗಳದಲ್ಲೇ ನಿಂತು,
ಚೊಂಬೆತ್ತಿ ಗಟಗಟ ಕುಡಿದ. ಅರ್ಧ ಅಂಗಿಯ ಮೇಲೆ.
ನಾನು ಅವನ ಬಾಯನ್ನೇ ನೋಡುತ್ತಿದ್ದೆ.
"ಏನಕ್ಕಾ?"
ಏನಿಲ್ಲ ಅಂದೆ.

ಮಂಗಳವಾರ ಪಳಂಗಪ್ಪಜ್ಜ ಎರಡು ಮೂಟೆ ಚೆರಿ ತೂಗಿಸಿ
ಚೀಟಿಗೆ ನನ್ನ ಕಿಟಕಿಗೆ ಬಂದ.
ಕಿವುಡರ ದೊಡ್ಡ ದನಿಯಲ್ಲಿ, ಇಡೀ ಗೋದಾಮಿಗೆ ಕೇಳುವ ಹಾಗೆ:
"ಆ ಪೆನ್ಸಿಲಿನ ಹುಡುಗ,
ಕೊನೆಗೆ ಬರೆದನಾ?"

ಡಬ್ಬಿ ಮೈಸೂರಿಗೆ ಹೋಗಿ ನಾಲ್ಕು ದಿನವಾಗಿತ್ತು.
ಗೊತ್ತಿಲ್ಲ ಅಜ್ಜ ಅಂದೆ,
ಒಂದೊಂದೇ ಅಕ್ಷರಕ್ಕೆ ತುಟಿ ಅಗಲಿಸಿ.
ಅವನು ನನ್ನ ಬಾಯಲ್ಲಿ ಬೇರೇನನ್ನೋ ಓದಿಕೊಂಡು
ತಲೆಯಾಡಿಸಿ,
ಚೀಟಿ ಮಡಿಸಿ ಟೋಪಿಯೊಳಗಿಟ್ಟು ಹೋದ.